ಕಿಟಕಿಗೆ ಕಾಗದದ ನಿರಿಗೆ

ಮಾರ್ಚ್ ತಿಂಗಳ ಯಾವುದಾದರೂ ಸಂಜೆ ನಾಲ್ಕು ಗಂಟೆಗೆ ಬೆಂಗಳೂರಿನ ಬಡಾವಣೆಯೊಂದರ ಅಡ್ಡರಸ್ತೆಯಲ್ಲಿ ತಲೆ ಎತ್ತಿ ನಡೆಯಿರಿ. ಪಡುವಣಕ್ಕೆ ತೆರೆದುಕೊಳ್ಳುವ ಬಾಡಿಗೆ ಮನೆಗಳ ಕಿಟಕಿ ಗಾಜಿನ ತುಂಬ ಹಳೆಯ ದಿನಪತ್ರಿಕೆ. ಒಂದರಲ್ಲಿ ತಲೆಕೆಳಗಾದ ಮಂತ್ರಿ, ಇನ್ನೊಂದರಲ್ಲಿ ಅಕ್ಷಯ ತೃತೀಯಾದ ಚಿನ್ನದ ಜಾಹೀರಾತು, ಮತ್ತೊಂದರಲ್ಲಿ ಯಾವತ್ತೋ ಮುಗಿದ ಕ್ರಿಕೆಟ್ ಪಂದ್ಯದ ಸ್ಕೋರು. ಅಂಚಿನ ಸೆಲ್ಲೋಟೇಪು ಕಂದಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ಯಾರೂ ಇಷ್ಟಪಟ್ಟು ಅಂಟಿಸಿದ್ದಲ್ಲ. ‘ಸದ್ಯಕ್ಕೆ ಇರಲಿ, ಮುಂದಿನ ತಿಂಗಳು ಕರ್ಟನ್ ಹಾಕಿಸೋಣ’ ಎಂದು ಅಂಟಿಸಿದ್ದು. ಮುಂದಿನ ತಿಂಗಳು ಬರುವ ಹೊತ್ತಿಗೆ ಕಣ್ಣಿಗೆ ರೂಢಿಯಾಗಿರುತ್ತದೆ. ಪತ್ರಿಕೆಗೆ ಬರೆಯುವವರ ಬರಹ ಓದುಗರ ಮನೆಯಲ್ಲಿ ವರ್ಷಗಟ್ಟಲೆ ಉಳಿಯುವ ಜಾಗ ಇದೊಂದೇ ಎನ್ನುವುದು ಬೇರೆ ಮಾತು.

ಹಾಗೆಂದು ಅಂಟಿಸಿದವರನ್ನು ದೂರುವಂತಿಲ್ಲ. ಹನ್ನೊಂದು ತಿಂಗಳ ಕರಾರು. ಗೋಡೆಗೆ ಡ್ರಿಲ್ ಹಾಕಕೂಡದೆಂಬ ಮಾಲೀಕರ ಷರತ್ತು. ಈ ಮನೆಯ ಕಿಟಕಿ ನಾಲ್ಕಡಿಯಾದರೆ ಮುಂದಿನ ಮನೆಯದು ಐದಡಿ. ಚದರಡಿ ಲೆಕ್ಕದಲ್ಲಿ ಒಂದಕ್ಕೆಂದು ಮಾಡಿಸಿದ ರೋಲರ್ ಬ್ಲೈಂಡ್ ಇನ್ನೊಂದಕ್ಕೆ ಕೂರುವುದಿಲ್ಲ. ಇಂಥಲ್ಲಿ ಸಾವಿರಾರು ರೂಪಾಯಿ ಸುರಿಯಲು ಯಾರಿಗೆ ಮನಸ್ಸು ಬಂದೀತು? ಕಾಗದದ ಪರದೆ ಚೆನ್ನಾಗಿ ಬಾಳಿದರೆ ಒಂದು ವರ್ಷ ಬಾಳುತ್ತದೆ. ಕರಾರಿನ ಆಯಸ್ಸೂ ಹೆಚ್ಚುಕಮ್ಮಿ ಅಷ್ಟೇ. ಆದ್ದರಿಂದ ಕಾಗದದ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಗಾಜಿಗೆ ಅಂಟಿಸಿಬಿಡುವುದರ ಬಗ್ಗೆ ಇದೆ. ಪಡುವಣ ಕಿಟಕಿಗೆ ಮರೆ ಬೇಕಾಗಿರುವುದು ದಿನಕ್ಕೆ ಮೂರು ಗಂಟೆ ಮಾತ್ರ; ಅಂಟಿಸಿದ ಕಾಗದ ಉಳಿದ ಇಪ್ಪತ್ತೊಂದು ಗಂಟೆಯ ಬೆಳಕನ್ನೂ ನುಂಗಿ ಕೂರುತ್ತದೆ. ಅದೇ ಕಾಗದಕ್ಕೆ ನಿರಿಗೆ ಹಿಡಿದು ತೂಗುಹಾಕಿದರೆ ಬೇಕೆಂದಾಗ ಇಳಿಯುತ್ತದೆ, ಬೇಡವೆಂದಾಗ ಏರುತ್ತದೆ.

ಆ ಮೂರು ಗಂಟೆಯ ಲೆಕ್ಕ ಎಲ್ಲಿಂದ ಬಂತು ಎಂದರೆ, ಕಿಟಕಿಯ ಮೇಲಿನ ಸಜ್ಜಾ ಸೋಲುವ ಹೊತ್ತು ಅದು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ನಡುಹಗಲ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಆ ದಿನಗಳಲ್ಲಿ ಪಡುವಣ ಗೋಡೆಯ ಒಂದೂವರೆ ಅಡಿ ಅಗಲದ ಸಜ್ಜಾ ಮಧ್ಯಾಹ್ನ ಎರಡು ಗಂಟೆಗೆ ಸುಮಾರು ಮೂರು ಅಡಿ ನೆರಳು ಇಳಿಸುತ್ತದೆ. ನಾಲ್ಕಡಿ ಕಿಟಕಿಯ ಮುಕ್ಕಾಲು ಪಾಲು ಕ್ಷೇಮ. ನಾಲ್ಕೂವರೆಯ ಹೊತ್ತಿಗೆ ಸೂರ್ಯ ದಿಗಂತದಿಂದ 30 ಡಿಗ್ರಿಗಿಂತ ಕೆಳಗೆ ಬಂದಿರುತ್ತಾನೆ. ಅದೇ ಸಜ್ಜಾದ ನೆರಳು ಆಗ ಒಂದಡಿಯೂ ಇರುವುದಿಲ್ಲ. ಬಿಸಿಲು ಮಲಗಿಕೊಂಡೇ ಒಳಗೆ ಬಂದು ಸೋಫಾದ ಮೇಲೆ ಕೂರುತ್ತದೆ, ಟೀವಿಯ ಮುಖಕ್ಕೆ ಹೊಡೆಯುತ್ತದೆ. ಮನೆ ಕಟ್ಟಿದವರು ಎಷ್ಟೇ ಅಗಲದ ಸಜ್ಜಾ ಕೊಟ್ಟಿದ್ದರೂ ಈ ಅಡ್ಡಬಿಸಿಲಿಗೆ ಮೇಲಿನ ಕೊಡೆ ಉಪಯೋಗವಿಲ್ಲ, ಎದುರಿನ ಮರೆಯೇ ಬೇಕು.

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡುವುದು ನ್ಯಾಯ. ಸೆಕೆ ತಡೆಯುವುದೇ ಗುರಿಯಾದರೆ ಮರೆ ಗಾಜಿನ ಹೊರಗಿರಬೇಕು. ನಮ್ಮ ಹಿರಿಯರು ಜಗುಲಿಗೆ ಬಿದಿರಿನ ತಟ್ಟಿ ಕಟ್ಟಿದ್ದು, ಉಳ್ಳವರು ಲಾವಂಚದ ತಟ್ಟಿಗೆ ನೀರು ಚಿಮುಕಿಸಿದ್ದು ಎಲ್ಲ ಹೊರಗಡೆಯೇ. ಒಳಗೆ ಇಳಿಬಿಟ್ಟ ಪರದೆಗೆ ಬಿಸಿಲು ತಾಗುವ ಹೊತ್ತಿಗೆ ಅದು ಗಾಜು ದಾಟಿ ಆಗಿರುತ್ತದೆ. ಪರದೆ ಹೀರಿಕೊಂಡ ಶಾಖ ಕೋಣೆಯಲ್ಲೇ ಬಿಡುಗಡೆಯಾಗುತ್ತದೆ. ಹಾಗಾಗಿ ಒಳಪರದೆಗೆ ಉಳಿದಿರುವ ಉಪಾಯ ಒಂದೇ: ಬಂದ ಬೆಳಕನ್ನು ಬೆಳಕಾಗಿಯೇ, ಶಾಖವಾಗುವ ಮುನ್ನ, ಗಾಜಿನ ಮೂಲಕ ವಾಪಸು ಕಳಿಸುವುದು. ಅದಕ್ಕೆ ಗಾಜಿನ ಕಡೆಯ ಮುಖ ಬೆಳ್ಳಗಿರಬೇಕು. ಕಡುಬಣ್ಣದ ದಪ್ಪ ಬಟ್ಟೆಯ ಕರ್ಟನ್ ಹಾಕಿಯೂ ಕೋಣೆ ಒಲೆಯಂತಾಗುವುದು ಏಕೆಂದು ಈಗ ಹೊಳೆದಿರಬೇಕು. ಬಿಸಿಲಿಗೆ ಕಾದ ಆ ಬಟ್ಟೆಯನ್ನೊಮ್ಮೆ ಮುಟ್ಟಿ ನೋಡಿ. ಅಲ್ಯೂಮಿನಿಯಂ ಫಾಯಿಲ್ ಇನ್ನೂ ಚೆನ್ನಾಗಿ ಹಿಮ್ಮೆಟ್ಟಿಸುತ್ತದೆ, ನಿಜ. ಎದುರು ಮನೆಯವರ ಕಣ್ಣಿಗೂ ಅಷ್ಟೇ ಚೆನ್ನಾಗಿ ಹೊಡೆಯುತ್ತದೆ.

ಯಾವ ಕಾಗದ? ದಿನಪತ್ರಿಕೆಯ ಕಾಗದ ಬೇಡ. ಮರವನ್ನು ಹೆಚ್ಚಾಗಿ ಯಂತ್ರದಲ್ಲೇ ಅರೆದು ಮಾಡಿದ ತಿರುಳು ಅದು. ಮರದ ಲಿಗ್ನಿನ್ ಎಂಬ ಅಂಶ ಅದರಲ್ಲಿ ಹಾಗೇ ಉಳಿದಿರುತ್ತದೆ, ಬಿಸಿಲು ತಾಗಿದರೆ ಲಿಗ್ನಿನ್ ಹಳದಿಯಾಗುತ್ತದೆ, ಕಾಗದ ಮುರುಕಾಗುತ್ತದೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಮುಂದೆ ಪತ್ರಿಕೆಗಳಿಗೆಂದೇ ಈ ಬಗೆಯ ಕಾಗದ ತಯಾರಿಸಿತು. ಒಂದು ದಿನ ಬಾಳಲೆಂದು ಮಾಡಿದ್ದನ್ನು ಒಂದು ಬೇಸಿಗೆ ಬಾಳು ಎಂದರೆ ಹೇಗೆ? ಚದರ ಮೀಟರಿಗೆ 45–50 ಗ್ರಾಂ ತೂಗುವ ಅದಕ್ಕೆ ಮಡಿಕೆ ನಿಲ್ಲಿಸಿಕೊಳ್ಳುವ ಬಿಗಿಯೂ ಇಲ್ಲ.

ನೋಟ್‌ಬುಕ್ಕಿಗೆ ಬೈಂಡ್ ಹಾಕುವ ಬ್ರೌನ್ ಪೇಪರ್ ಬೇರೆ ಜಾತಿ. ಅದನ್ನು ಮಾಡುವ ಕ್ರಮ 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ರೂಪುಗೊಂಡಿತು. ಮರದ ಚೂರುಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನಲ್ಲಿ ಬೇಯಿಸಿದರೆ ಲಿಗ್ನಿನ್‌ನ ಬಹುಪಾಲು ಕರಗಿಹೋಗಿ ಉದ್ದುದ್ದ ನಾರು ತುಂಡಾಗದೆ ಉಳಿಯುತ್ತದೆ. ಆ ನಾರಿನಿಂದಾಗಿಯೇ ಬ್ರೌನ್ ಪೇಪರ್ ಮಡಿಸಿದಲ್ಲಿ ಬಿರುಕು ಬಿಡುವುದಿಲ್ಲ, ಸುಲಭಕ್ಕೆ ಹರಿಯುವುದಿಲ್ಲ. ಬೆಳ್ಳಗೆ ಬೇಕೆಂದರೆ ಡ್ರಾಯಿಂಗ್ ಶೀಟ್ ಆದೀತು. ಚಾರ್ಟ್ ಪೇಪರ್ ಅಷ್ಟು ಸರಿಬರುವುದಿಲ್ಲ, ಅದರ ಬಣ್ಣ ಒಂದೇ ಬೇಸಿಗೆಗೆ ಹಾರಿಹೋಗುತ್ತದೆ. ಹಳೆಯ ಕ್ಯಾಲೆಂಡರಿನ ನುಣುಪು ಕಾಗದಕ್ಕೆ ಸುಣ್ಣದಂಥ ಲೇಪನ ಇರುವುದರಿಂದ ಮಡಿಸಿದಲ್ಲಿ ಸಿಪ್ಪೆ ಏಳುತ್ತದೆ. ಸುತ್ತುವ ಪರದೆಗೆ ಮಾತ್ರ ಅದು ಲಾಯಕ್ಕು. ದೇವರ ಚಿತ್ರವಿರುವ ಕ್ಯಾಲೆಂಡರಾದರೆ ಮನೆಯ ಹಿರಿಯರನ್ನು ಮೊದಲು ಕೇಳಿ. ನನ್ನನ್ನು ಕೇಳಿದರೆ ಕೋಣೆಯ ಕಡೆಗೆ ಬ್ರೌನ್ ಪೇಪರ್, ಗಾಜಿನ ಕಡೆಗೆ ತೆಳು ಬಿಳಿ ಕಾಗದ, ಎರಡನ್ನೂ ಜೋಡಿಸಿ ಒಟ್ಟಿಗೆ ಮಡಿಸುವುದು ಎಲ್ಲಕ್ಕಿಂತ ಮೇಲು. ಇಡೀ ಹಾಳೆಗೆ ಅಂಟು ಬಳಿದು ಜೋಡಿಸಬೇಡಿ. ಒದ್ದೆಯಾದ ಮುಖ ಹಿಗ್ಗಿ, ಒಣಗಿದಾಗ ಕುಗ್ಗಿ, ಪರದೆ ಹಪ್ಪಳವಾಗುತ್ತದೆ. ನಾಲ್ಕು ಅಂಚಿಗೆ ಡಬಲ್ ಸೈಡ್ ಟೇಪ್ ಸಾಕು.

ಕತ್ತಲು ಬೇಡ, ಬಿಸಿಲಿನ ಚುರುಕು ಮಾತ್ರ ಹೋಗಲಿ ಎನ್ನುವವರಿಗೆ ಬಿಳಿ ಕಾಗದ ಒಂದೇ ಪದರ ಇರಲಿ. ಕಾಗದದ ಒಳಗೆ ನಾರು, ನಾರಿನ ನಡುವೆ ಗಾಳಿ. ಬೆಳಕು ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ದಾಟುವಾಗೆಲ್ಲ ದಿಕ್ಕು ತಪ್ಪಿ ಚದುರುತ್ತದೆ. ಕಾಗದ ಬೆಳ್ಳಗೆ ಕಾಣುವುದೂ ಈ ಚದುರಾಟದಿಂದಲೇ. ಬಜ್ಜಿ ಕಟ್ಟಿಕೊಟ್ಟ ಕಾಗದದಲ್ಲಿ ಎಣ್ಣೆ ಹತ್ತಿದ ಜಾಗ ಪಾರದರ್ಶಕವಾಗುವುದನ್ನು ನೋಡಿದ್ದೀರಲ್ಲ, ಅಲ್ಲಿ ಎಣ್ಣೆ ಗಾಳಿಯ ಜಾಗ ತುಂಬಿ ಬೆಳಕಿಗೆ ನೇರ ದಾರಿ ಮಾಡಿಕೊಟ್ಟಿರುತ್ತದೆ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಯುರೋಪಿನ ಬಡವರು ಎಣ್ಣೆ ಸವರಿದ ಕಾಗದವನ್ನೇ ಕಿಟಕಿಗೆ ಹಾಕಿಕೊಳ್ಳುತ್ತಿದ್ದರು.

ಕಾಗದದ ಈ ಗುಣವನ್ನು ಜಪಾನಿನವರಷ್ಟು ಮನಸಾರೆ ಬಳಸಿಕೊಂಡವರು ಕಡಿಮೆ. ಮರದ ಸಣ್ಣ ಚೌಕಟ್ಟುಗಳಿಗೆ ಕಾಗದ ಅಂಟಿಸಿದ ‘ಶೋಜಿ’ ಬಾಗಿಲುಗಳು ಅಲ್ಲಿಯ ಸಾಂಪ್ರದಾಯಿಕ ಮನೆಯ ಗೋಡೆಯೂ ಹೌದು, ಕಿಟಕಿಯೂ ಹೌದು. ಹಿಪ್ಪುನೇರಳೆಯ ಬಂಧುವಾದ ಕೋಜೊ ಗಿಡದ ತೊಗಟೆಯ ನಾರಿನಿಂದ ಕೈಯಲ್ಲೇ ತಯಾರಿಸುವ ‘ವಾಶಿ’ ಕಾಗದದ ಕುಶಲಕಲೆಯನ್ನು ಯುನೆಸ್ಕೊ 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಲೇಖಕ ಜುನಿಚಿರೊ ತಾನಿಜಾಕಿ 1933ರಲ್ಲಿ ನೆರಳಿನ ಸೊಗಸನ್ನು ಕುರಿತೇ ಒಂದು ನೀಳ ಪ್ರಬಂಧ ಬರೆದು, ಶೋಜಿಯಿಂದ ಸೋಸಿ ಬರುವ ಮಂಕು ಬೆಳಕನ್ನು ಹಾಡಿಹೊಗಳಿದ. ಅಲ್ಲಿ ಆ ಕಾಗದವನ್ನು ಶಾಶ್ವತವೆಂದು ಯಾರೂ ಭಾವಿಸಿದ್ದಿಲ್ಲ. ವರ್ಷದ ಕೊನೆಯ ದೊಡ್ಡ ಶುಚಿಯಲ್ಲಿ ಹಳೆಯದನ್ನು ನೆನೆಸಿ ಕಿತ್ತು ಹೊಸದನ್ನು ಅಂಟಿಸುವ ವಾಡಿಕೆ. ಮಕ್ಕಳಿಗೆ ಆ ದಿನ ಹಳೆಯ ಕಾಗದಕ್ಕೆ ಬೆರಳು ತೂರಿಸುವ ಪರವಾನಗಿ. ನಮಗೂ ಇದು ತೀರ ಹೊಸತಲ್ಲ. ದೀಪಾವಳಿಯಲ್ಲಿ ಕರಾವಳಿಯವರು ಗೂಡುದೀಪ, ಉತ್ತರ ಕರ್ನಾಟಕದವರು ಆಕಾಶಬುಟ್ಟಿ ಎಂದು ಬಿದಿರ ಕಡ್ಡಿಗೆ ಕಾಗದ ಕಟ್ಟಿ ದೀಪ ಇಡುವುದು ಇದೇ ವಿದ್ಯೆ. ಕಿಟಕಿಯ ಮಟ್ಟಿಗೆ ಅದನ್ನು ಬಳಸಲು ನಮಗೇಕೋ ಸಂಕೋಚ.

ಇದಕ್ಕೆ ತದ್ವಿರುದ್ಧ ಅಗತ್ಯ ಇರುವವರೂ ಇದ್ದಾರೆ. ರಾತ್ರಿಪಾಳಿ ಮುಗಿಸಿ ಬೆಳಗಿನ ಏಳಕ್ಕೆ ಮಲಗುವ ನರ್ಸು, ಕಾಲ್ ಸೆಂಟರಿನ ಹುಡುಗ, ಕಾರ್ಖಾನೆಯ ಕೆಲಸಗಾರ. ಇವರಿಗೆ ಹಗಲೇ ಕತ್ತಲು ಬೇಕು. 1965 ಮತ್ತು 1971ರ ಯುದ್ಧಗಳ ಬ್ಲ್ಯಾಕೌಟ್ ನೆನಪಿರುವ ಹಿರಿಯರು ಮನೆಯ ಬೆಳಕು ಹೊರಗೆ ಕಾಣದಂತೆ ಗಾಜಿಗೆ ಕಾಗದ ಮೆತ್ತಿದ ಕತೆ ಹೇಳಿಯಾರು. ಆಗ ಒಳಗಿನ ಬೆಳಕನ್ನು ತಡೆದ ಕಾಗದ ಈಗ ಹೊರಗಿನದನ್ನು ತಡೆಯಬೇಕು, ಅಷ್ಟೇ. ಕಪ್ಪು ಕಾಗದವೊಂದನ್ನೇ ಹಾಕಿದರೆ ಕತ್ತಲೇನೋ ಆಗುತ್ತದೆ, ಜತೆಗೆ ಧಗೆಯೂ. ಕಪ್ಪು ಒಳಗೆ, ಬಿಳಿ ಹೊರಗೆ ಇರಲಿ. ಬೆಳಕು ಹೆಚ್ಚಾಗಿ ನುಸುಳುವುದು ಕಾಗದದ ಮೂಲಕವಲ್ಲ, ಅಂಚಿನ ಸಂದಿನಿಂದ. ಪರದೆ ಚೌಕಟ್ಟಿಗಿಂತ ಎರಡೂ ಕಡೆ ಒಂದೊಂದು ಇಂಚು ಹೆಚ್ಚೇ ಇರಬೇಕು.

ಇನ್ನು ಮಡಿಸುವ ಕೆಲಸ. ನಾಲ್ಕಡಿ, ಅಂದರೆ 48 ಇಂಚು ಎತ್ತರದ ಕಿಟಕಿಗೆ ಎಷ್ಟು ಉದ್ದದ ಕಾಗದ ಬೇಕು? ನಿರಿಗೆ ಪೂರ್ತಿ ಬಿಚ್ಚಿ ಚಪ್ಪಟೆಯಾದರೆ ಅದು ನಿರಿಗೆಯೇ ಅಲ್ಲ. ಮೂರನೇ ಒಂದು ಪಾಲು ಹೆಚ್ಚು ಬೇಕು. 64 ಇಂಚು ತೆಗೆದುಕೊಳ್ಳಿ. ಈ 64 ಎಂಬ ಸಂಖ್ಯೆಯಲ್ಲಿ ಒಂದು ಅನುಕೂಲ ಅಡಗಿದೆ. ಅರ್ಧಕ್ಕೆ ಮಡಿಸಿದರೆ 32, ಮತ್ತೆ ಅರ್ಧ 16, ಆಮೇಲೆ 8, 4, ಕೊನೆಗೆ 2. ಐದು ಸಲ ಅರ್ಧ ಮಾಡಿದರೆ ಎರಡೆರಡು ಇಂಚಿನ 32 ಪಟ್ಟಿ, ಸ್ಕೇಲು ಹಿಡಿಯುವ ಗೋಜೇ ಇಲ್ಲ. ಬೀಸಣಿಗೆ ಮಡಿಸುವಂತೆ ಒಂದು ತುದಿಯಿಂದ ಶುರುಮಾಡಿ ಕಣ್ಣಂದಾಜಿನಲ್ಲಿ ಸಾಗುವವರೇ ಹೆಚ್ಚು. ಒಂದೊಂದು ಮಡಿಕೆಯಲ್ಲಿ ಅರ್ಧ ಮಿಲಿಮೀಟರ್ ಓರೆಯಾದರೂ 31 ಮಡಿಕೆ ಮುಗಿಯುವ ಹೊತ್ತಿಗೆ ಒಂದೂವರೆ ಸೆಂಟಿಮೀಟರ್ ವಾಲಿರುತ್ತದೆ. ಅರ್ಧರ್ಧ ಮಾಡುತ್ತ ಹೋದರೆ ತಪ್ಪು ಹಾಗೆ ಗುಡ್ಡೆ ಬೀಳುವುದಿಲ್ಲ.

ಐದೂ ಮಡಿಕೆಯನ್ನು ಒಟ್ಟಿಗೆ ಹಾಕಲು ಹೋಗಬೇಡಿ, 32 ಪದರದ ದಪ್ಪ ಯಾವ ಕೈಗೂ ಬಗ್ಗದು. ಒಂದು ಗೆರೆ ಬಿದ್ದ ಮೇಲೆ ಬಿಡಿಸಿ, ಅಂಚನ್ನು ಆ ಗೆರೆಗೆ ತಾಗಿಸಿ ಮುಂದಿನ ಗೆರೆ ಹಾಕಿ. ಆಮೇಲೆ ಗೆರೆಗೆ ಗೆರೆ ತಾಗಿಸುತ್ತ ಹೋಗಿ. ಎಲ್ಲ ಗೆರೆ ಬಿದ್ದ ಮೇಲೆ ಒಂದನ್ನು ಈ ಕಡೆಗೆ, ಮುಂದಿನದನ್ನು ಆ ಕಡೆಗೆ ತಿರುಗಿಸಿ ಮಡಿಸಿದರೆ ನಿರಿಗೆ ಸಿದ್ಧ. ಮಡಿಕೆಯನ್ನು ಉಗುರಿನಿಂದ ಗೀರಿದರೆ ಕಾಗದ ಸವೆಯುತ್ತದೆ, ಸ್ಟೀಲ್ ಚಮಚದ ಬೆನ್ನಿನಿಂದ ಒಂದೇ ಎಳೆತಕ್ಕೆ ಉಜ್ಜಬೇಕು. ಡ್ರಾಯಿಂಗ್ ಶೀಟಿನಂಥ ದಪ್ಪ ಹಾಳೆಗೆ ಮೊದಲೇ ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿಕೊಂಡರೆ ಮಡಿಕೆ ನೂಲು ಹಿಡಿದಂತೆ ಬರುತ್ತದೆ. ಕಾಗದಕ್ಕೂ ಬಟ್ಟೆಯ ಹಾಗೆ ಒಂದು ಎಳೆಯ ದಿಕ್ಕಿದೆ, ಯಂತ್ರದಲ್ಲಿ ಓಡುವಾಗ ನಾರುಗಳು ಓಟದ ದಿಕ್ಕಿಗೇ ಮಲಗಿಕೊಳ್ಳುತ್ತವೆ. ಎಳೆಯ ಜತೆಗೆ ಮಡಿಸಿದರೆ ನುಣುಪು, ಅಡ್ಡ ಮಡಿಸಿದರೆ ತರಿತರಿ. ರೋಲಿನ ಕಾಗದದಲ್ಲಿ ನಮ್ಮ ನಿರಿಗೆ ಅಡ್ಡವೇ ಬೀಳುತ್ತದೆ. ಬ್ರೌನ್ ಪೇಪರ್ ಅದನ್ನು ಸಹಿಸುತ್ತದೆ, ಅಗ್ಗದ ಬಿಳಿ ದಪ್ಪ ಕಾಗದ ಸಹಿಸುವುದಿಲ್ಲ.

ಅಗಲದ ಚಿಂತೆ ಬೇಡ. ನಮ್ಮ ಕಡೆಯ ಮರದ ಕಿಟಕಿಗಳಲ್ಲಿ ಎರಡೋ ಮೂರೋ ಕಿರಿದಾದ ಬಾಗಿಲು ಇರುತ್ತವಲ್ಲ, ಒಂದೊಂದಕ್ಕೆ ಒಂದೊಂದು ಪರದೆ ಮಾಡಿ. 22 ಇಂಚು ಅಗಲ, 28 ಇಂಚು ಉದ್ದದ ಹಾಳೆ ಮೂರು ತೆಗೆದುಕೊಂಡು, ಜೋಡಿಸುವಲ್ಲಿ ಒಂದರ ಮೇಲೊಂದು ಎರಡಿಂಚು ಹತ್ತಿಸಿದರೂ 80 ಇಂಚು ಸಿಗುತ್ತದೆ, 64ಕ್ಕೆ ಕತ್ತರಿಸಿಕೊಳ್ಳಿ. ಬಿಡಿಬಿಡಿಯಾಗಿದ್ದರೆ ಬಿಸಿಲು ಬೀಳುವ ಭಾಗದ್ದನ್ನು ಮಾತ್ರ ಇಳಿಸಬಹುದು. ಕಾಗದ, ಟೇಪು, ದಾರ ಎಲ್ಲ ಸೇರಿ ಒಂದು ಕಿಟಕಿಗೆ ಇನ್ನೂರು ರೂಪಾಯಿ ದಾಟುವುದು ಕಷ್ಟ.

ತೂಗುಹಾಕಿದ ಮೇಲೆ ಒಂದು ತಮಾಷೆ ಕಾಣುತ್ತದೆ. ಮೇಲಿನ ನಿರಿಗೆಗಳು ಬಿಚ್ಚಿಕೊಂಡು ಚಪ್ಪಟೆಯಾಗಿರುತ್ತವೆ, ಕೆಳಗಿನವು ಇನ್ನೂ ಒತ್ತೊತ್ತಾಗಿರುತ್ತವೆ. ಮೊದಲ ನಿರಿಗೆ ಕೆಳಗಿನ ಎಲ್ಲದರ ಭಾರ ಹೊರಬೇಕು, ಕೊನೆಯದಕ್ಕೆ ಯಾವ ಹೊಣೆಯೂ ಇಲ್ಲ. ಅವಿಭಕ್ತ ಕುಟುಂಬ ಕಂಡವರಿಗೆ ವಿವರಿಸಬೇಕಿಲ್ಲ. ಇದಕ್ಕೆ ಪರಿಹಾರ, ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ದಾರ ಇಳಿಬಿಟ್ಟು, ನಾಲ್ಕು ಪಟ್ಟಿಗೊಮ್ಮೆ ಚಿಕ್ಕ ಟೇಪಿನಿಂದ ಕಾಗದಕ್ಕೆ ಹಿಡಿಸುವುದು. ಎಂಟು ಇಂಚು ಕಾಗದಕ್ಕೆ ಆರು ಇಂಚು ದಾರ. ಹೀಗೆ ಎಂಟು ಭಾಗವಾದರೆ 64 ಇಂಚಿನ ಕಾಗದ ಸರಿಯಾಗಿ 48ಕ್ಕೆ ಇಳಿದು ನಿಲ್ಲುತ್ತದೆ. ಯಾವ ನಿರಿಗೆಯೂ ತನ್ನ ಪಾಲಿಗಿಂತ ಹೆಚ್ಚು ಬಿಚ್ಚಿಕೊಳ್ಳಲಾರದು.

ಮೇಲ್ತುದಿಯನ್ನು ಹಿಡಿಸಲು ಮೊಳೆಯೇ ಬೇಕೆಂದಿಲ್ಲ. ಆಯಿಲ್ ಪೇಂಟ್ ಬಳಿದ ಮರದ ಚೌಕಟ್ಟಿಗೆ ಡಬಲ್ ಸೈಡ್ ಟೇಪ್ ಗಟ್ಟಿಯಾಗಿ ಕೂರುತ್ತದೆ, ಧೂಳು ಒರೆಸಿಕೊಂಡಿರಬೇಕಷ್ಟೆ. ಸುಣ್ಣದ ಗೋಡೆಗೋ ಡಿಸ್ಟೆಂಪರಿಗೋ ಅಂಟಿಸಿದರೆ ರಾತ್ರೋರಾತ್ರಿ ಪರದೆ, ಟೇಪು, ಬಣ್ಣದ ಚಕ್ಕೆ ಮೂರೂ ಕೆಳಗೆ. ಬಹಳಷ್ಟು ಬಾಡಿಗೆ ಮನೆಗಳಲ್ಲಿ ಹಿಂದಿನವರು ಬಿಟ್ಟುಹೋದ ಸ್ಪ್ರಿಂಗ್ ತಂತಿ ಕಿಟಕಿಗೆ ಇದ್ದೇ ಇರುತ್ತದೆ. ಮೊದಲ ಪಟ್ಟಿಯನ್ನು ಅದರ ಮೇಲೆ ಮಡಿಸಿ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿದರೆ ಕೆಲಸ ಮುಗಿಯಿತು. ಕೊನೆಯ ಪಟ್ಟಿಯ ಒಳಗೆ ಒಂದು ಬಿದಿರ ಕಡ್ಡಿ ಇಟ್ಟು ಅಂಟಿಸಿ, ಇಲ್ಲದಿದ್ದರೆ ಫ್ಯಾನಿನ ಗಾಳಿಗೆ ಪರದೆ ರಾತ್ರಿಯೆಲ್ಲ ಪಟಪಟ ಎನ್ನುತ್ತದೆ. ಏರಿಸುವುದೂ ಸರಳ: ಕೆಳಗಿನಿಂದ ನಿರಿಗೆಗಳನ್ನು ಒಟ್ಟುಗೂಡಿಸುತ್ತ ಮೇಲೊಯ್ದು ಎರಡು ಕಡೆ ಕ್ಲಿಪ್ ಸಿಕ್ಕಿಸುವುದು. ನಿರಿಗೆಗೆಲ್ಲ ತೂತು ಹಾಕಿ, ದಾರ ಪೋಣಿಸಿ, ಎಳೆದರೆ ಏರುವ ಹಾಗೆ ಮಾಡಿಕೊಳ್ಳುವ ಕುಶಲಿಗಳೂ ಇದ್ದಾರೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ಪರದೆಯ ಜೋತಾಡುವ ಹಗ್ಗ ಮಕ್ಕಳ ಕೊರಳಿಗೆ ಸಿಕ್ಕಿಕೊಂಡು ಸಾವುಗಳಾಗಿವೆ. ಅಮೆರಿಕದಲ್ಲಿ ಈ ಕಾರಣಕ್ಕೆ 2024ರ ಜೂನ್‌ನಿಂದ ಹೊಸ ಪರದೆಗಳ ಹಗ್ಗದ ಮೇಲೆ ಬಿಗಿ ನಿಯಮಗಳು ಬಂದಿವೆ.

ಮಡಿಸುವ ತಾಳ್ಮೆ ಇಲ್ಲದವರು ಸುತ್ತುವ ಪರದೆ ಮಾಡಿಕೊಳ್ಳಲಿ. ಕಾಗದದ ಕೆಳಅಂಚಿಗೆ ವೈರಿಂಗಿನ ಪಿವಿಸಿ ಪೈಪಿನ ತುಂಡು ಅಂಟಿಸಿ, ಮೇಲಿನಿಂದ ಎರಡು ಲಾಡಿ ಇಳಿಬಿಟ್ಟರೆ ಆಯಿತು. ಪೈಪನ್ನು ಸುತ್ತುತ್ತ ಮೇಲೆ ತಂದು ಲಾಡಿ ಕಟ್ಟುವುದು. ಬಚ್ಚಲುಮನೆಯ ಕಿಟಕಿಗೆ ಮಾತ್ರ ಅಂಟಿಸುವುದೇ ಸರಿ, ಅಲ್ಲಿ ಮರೆ ಯಾವಾಗಲೂ ಬೇಕು. ಟ್ರೇಸಿಂಗ್ ಪೇಪರನ್ನು ತೆಳುವಾದ ಗಂಜಿಯಿಂದ ಗಾಜಿಗೆ ಹತ್ತಿಸಿ. ಮನೆ ಬಿಡುವಾಗ ನೀರು ಸವರಿದರೆ ಕಲೆಯಿಲ್ಲದೆ ಬರುತ್ತದೆ, ಅಡ್ವಾನ್ಸ್ ಹಣ ಪೂರ್ತಿ ಕೈಗೆ ಬರುತ್ತದೆ.

ಮೈದಾ ಅಂಟಿನ ವಿಷಯದಲ್ಲಿ ಎಚ್ಚರ ಬೇಕು. ಹಿಟ್ಟಿನ ವಾಸನೆಗೆ ಜಿರಲೆ, ಹುಳ ಹುಡುಕಿಕೊಂಡು ಬರುತ್ತವೆ. ಪುಸ್ತಕ ಬೈಂಡಿಂಗಿನವರು ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುವುದು ಈ ಕಾರಣಕ್ಕೇ. ಅದು ವಿಷ, ಮನೆಯಲ್ಲಿ ಮಾಡುವ ಪರದೆಗೆ ಬೇಡ. ಟೇಪೇ ವಾಸಿ. ನಿರಿಗೆಯ ಸಂದಿನಲ್ಲಿ ಹಲ್ಲಿ ಬಿಡಾರ ಹೂಡದಂತೆ ವಾರಕ್ಕೊಮ್ಮೆ ಕೊಡವಬೇಕು. ಬೆಂಕಿಯ ಬಗ್ಗೆ ಇನ್ನೂ ಖಡಕ್ಕಾಗಿ ಹೇಳಬೇಕು. ಗ್ಯಾಸ್ ಒಲೆಯ ಪಕ್ಕದ ಕಿಟಕಿಗೆ, ದೀಪವೋ ಊದುಬತ್ತಿಯೋ ಉರಿಯುವ ದೇವರ ಗೂಡಿನ ಹತ್ತಿರ ಕಾಗದದ ಪರದೆ ಹಾಕಲೇಬಾರದು. ದೀಪಾವಳಿಯ ಮೂರು ದಿನ ಬೀದಿ ಕಡೆಯ ಪರದೆಗಳನ್ನು ಬಿಚ್ಚಿಡುವುದು ಜಾಣತನ. ದಿಕ್ಕು ತಪ್ಪಿದ ರಾಕೆಟ್ಟಿಗೆ ತೆರೆದ ಕಿಟಕಿ ಸಾಕು.

ಮಳೆಗಾಲಕ್ಕೂ ಕಾಗದಕ್ಕೂ ಆಗಿಬರುವುದಿಲ್ಲ. ಬಯಲುಸೀಮೆಯಲ್ಲಿ ಹೇಗೋ ನಡೆದೀತು, ಮಲೆನಾಡು ಕರಾವಳಿಗಳಲ್ಲಿ ಜೂನ್ ಎರಡನೇ ವಾರಕ್ಕೆ ನಿರಿಗೆಯ ಬಿಗಿ ಸಡಿಲಿ ಪರದೆ ಜೋಲುತ್ತದೆ, ಬೂಷ್ಟು ಹಿಡಿಯುತ್ತದೆ. ಮೊದಲ ಮಳೆಗೇ ಬಿಚ್ಚಿ, ಬಿಸಿಲಿಗೆ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟರೆ ಅಕ್ಟೋಬರಿನಲ್ಲಿ ಮತ್ತೆ ಬಳಕೆಗೆ ಬರುತ್ತದೆ. ಹಾಗೆ ಎತ್ತಿಡುವವರು ಕಡಿಮೆ. ಶಾಲೆ ಶುರುವಾಗುವುದೂ ಮೊದಲ ಮಳೆಯ ಹೊತ್ತಿಗೆ, ನೋಟ್‌ಬುಕ್ಕುಗಳ ಕಟ್ಟು ಮನೆಗೆ ಬರುವುದೂ ಅದೇ ಹೊತ್ತಿಗೆ. ಬಿಸಿಲಿಗೆ ಮಾಸಿದ ಮುಖವನ್ನು ಒಳಗೆ ಹಾಕಿ ಇಸ್ತ್ರಿ ತಿಕ್ಕಿದರೆ ಬ್ರೌನ್ ಪೇಪರಿನ ಪರದೆಯಿಂದ ನಾಲ್ಕಾರು ಪುಸ್ತಕಕ್ಕೆ ಬೈಂಡ್ ಆಗುತ್ತದೆ. ಎರಡಿಂಚಿಗೊಂದು ಗೆರೆ ಕಾಣುತ್ತದೆಂದು ಮಕ್ಕಳು ಗೊಣಗುತ್ತಾರೆ. ಲೇಬಲ್ ನೆಟ್ಟಗೆ ಅಂಟಿಸಲು ಅನುಕೂಲವಾಯಿತೆಂದು ಅಮ್ಮಂದಿರು ಸಮಾಧಾನ ಹೇಳುತ್ತಾರೆ.